ಹೊಳೆ ಸೇರಿದ ಮಾತ್ರೆ, ಬಿಸಿಲಿಗಿಟ್ಟ ಪುಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಆಂಟಿಬಯೋಟಿಕ್ ಔಷಧಿಗಳು ಗಟಾರದ ನೀರಿನ ಜೊತೆ ಹಳ್ಳ, ಹೊಳೆ ಸೇರುವ ವಿಷಯ ಬರೆದಿದ್ದೆ. ಬಿಸಿಲು ಬಿದ್ದರೆ ಆ ಔಷಧಿಯನ್ನು ಒಡೆದು ಹಾಕುವ ಅರೆವಾಹಕ (ಸೆಮಿಕಂಡಕ್ಟರ್) ನ್ಯಾನೋ ಹರಳುಗಳ, ಅಂದರೆ ಅತಿ ಸಣ್ಣ ಹರಳುಗಳ ಪುಡಿಯ ಬಗ್ಗೆ ಕೊನೆಯಲ್ಲಿ ನಾಲ್ಕು ಸಾಲು ಮಾತ್ರ ಇತ್ತು. ಬಂದ ಪತ್ರಗಳಲ್ಲಿ ಬಹಳಷ್ಟು ಆ ನಾಲ್ಕು ಸಾಲಿನ ಮೇಲೇ ಇವೆ. ಆರು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮನೆ ಊರಿನ ಬಳ್ಳಾರಿ ನಾಲಾ ಎಂಬ ಹಳ್ಳದ ಹತ್ತಿರ. ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕರಗಿ ಖರ್ಚಾಗುತ್ತದೆ ಅಂದುಕೊಂಡಿದ್ದೆ. ಅದು ನೀರಿಗೆ ಹೇಗೆ ಬರುತ್ತದೆ? ಬಂದರೂ ಅಷ್ಟು ನೀರಿನಲ್ಲಿ ಚೂರುಪಾರು ಔಷಧಿಯಿಂದ ಏನಾಗುತ್ತದೆ?
(ಗೃಹಿಣಿ, ಬೆಳಗಾವಿ)

ಅಕ್ಕಾವ್ರೆ, ಕರಗುವುದು ನಿಜ, ಆದರೆ ಎಲ್ಲಾ ಖರ್ಚಾಗುವುದಿಲ್ಲ. 500 ಮಿಲಿಗ್ರಾಂ ಅಮಾಕ್ಸಿಸಿಲಿನ್ ನುಂಗಿದರೆ ಅದರಲ್ಲಿ ಸುಮಾರು ಶೇ. 60 ಭಾಗ ಆರೆಂಟು ತಾಸಿನಲ್ಲಿ ಇದ್ದ ಹಾಗೇ ಮೂತ್ರದಲ್ಲಿ ಹೊರಗೆ ಬರುತ್ತದೆ. ಅಂದರೆ ಹತ್ತಿರ ಹತ್ತಿರ 300 ಮಿಲಿಗ್ರಾಂ. ಸಿಪ್ರೋಫ್ಲಾಕ್ಸಾಸಿನ್ ಕೂಡ ಶೇ. 40ರಿಂದ 50ರಷ್ಟು ಹಾಗೇ ಬರುತ್ತದೆ. ಒಬ್ಬರದು ಇಷ್ಟಾದರೆ ಒಂದು ಓಣಿಯದು ಎಷ್ಟು, ಒಂದು ದೊಡ್ಡ ಆಸ್ಪತ್ರೆಯದು ಎಷ್ಟು, ನೀವೇ ಲೆಕ್ಕ ಹಾಕಿ. ದನಕ್ಕೆ ಕೊಡುವ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್, ಕೋಳಿ ಫಾರಂನಲ್ಲಿ ಕುಡಿಯುವ ನೀರಿಗೆ ಹಾಕುವ ಎನ್ರೋಫ್ಲಾಕ್ಸಾಸಿನ್ ಇದಕ್ಕೆ ಸೇರಿಕೊಳ್ಳುತ್ತವೆ.

ಊರಿನ ಕೊಳಚೆ ನೀರಿನ ಘಟಕ ಇದ್ದರೂ ಅಲ್ಲಿ ಕೆಲಸ ಮಾಡುವುದು ಹೊಲಸು ತಿನ್ನುವ ಬ್ಯಾಕ್ಟೀರಿಯಾಗಳು. ಬ್ಯಾಕ್ಟೀರಿಯಾ ಕೊಲ್ಲಲೆಂದೇ ಮಾಡಿದ ಔಷಧಿಯನ್ನು ಅವುಗಳಿಂದಲೇ ತಿನ್ನಿಸುವುದು ಕಷ್ಟ ಅಲ್ವಾ? ಸ್ವಲ್ಪ ಒಡೆದು ಹೋಗುತ್ತದೆ, ಸ್ವಲ್ಪ ಕೆಸರಿಗೆ ಅಂಟುತ್ತದೆ, ಉಳಿದದ್ದು ಮುಂದೆ ಹರಿಯುತ್ತದೆ.

ಚೂರುಪಾರು ಇದ್ದರೆ ಏನಾಗುತ್ತದೆ ಅಂದಿರಿ. ಅದೇ ಭಯದ ಮಾತು. ಪೂರ್ತಿ ಡೋಸ್ ಸಿಕ್ಕರೆ ರೋಗಾಣು ಸಾಯುತ್ತದೆ. ಚೂರು ಸಿಕ್ಕರೆ ಬಡವಾದವು ಸತ್ತು ಗಟ್ಟಿಯಾದವು ಉಳಿಯುತ್ತವೆ, ಆ ಗಟ್ಟಿತನದ ಜೀನನ್ನು ಪಕ್ಕದ ಬ್ಯಾಕ್ಟೀರಿಯಾಗೂ ದಾಟಿಸುತ್ತವೆ. ಔಷಧಿಗೆ ಬಗ್ಗದ ಇಂಥ ಸೋಂಕುಗಳಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ನೇರವಾಗಿ ಸತ್ತರು ಎಂಬ ಅಂದಾಜಿದೆ. ಎಲ್ಲಾ ಕಡೆ ಚೂರೇ ಇರುತ್ತದೆ ಅಂತಲೂ ಇಲ್ಲ. ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿ ಸುಮಾರು 90 ಔಷಧಿ ಕಾರ್ಖಾನೆಗಳ ನೀರು ಸೇರುವ ಘಟಕವೊಂದಿದೆ. ಅಲ್ಲಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಾಸಿನ್ ಇತ್ತು ಅಂತ 2007ರಲ್ಲಿ ಪ್ರಕಟವಾಯಿತು. ಮಾತ್ರೆ ತೆಗೆದುಕೊಂಡ ಮನುಷ್ಯನ ರಕ್ತದಲ್ಲೂ ಅಷ್ಟು ಇರುವುದಿಲ್ಲ.

ಪ್ರಶ್ನೆ: ಬಿಸಿಲಿಗೆ ಇಟ್ಟ ಪುಡಿ ಔಷಧಿಯನ್ನು ಹೇಗೆ ಒಡೆಯುತ್ತದೆ? ನೀವು ಬರೆದ ಡೋಪಿಂಗ್ ಅಂದರೆ ಏನು? ನಮ್ಮ ಪುಸ್ತಕದಲ್ಲಿ ಸಿಲಿಕಾನ್‌ಗೆ ಬೋರಾನ್, ರಂಜಕ ಸೇರಿಸುವುದು ಮಾತ್ರ ಇದೆ.
(ಪಿಯುಸಿ ಎರಡನೇ ವರ್ಷದ ವಿದ್ಯಾರ್ಥಿ, ವಿಜಯಪುರ)

ತಮ್ಮಾ, ನಿಮ್ಮ ಊರಿನ ತಾಜ್ ಬಾವಡಿಯನ್ನೇ ನೆನಪಿಸಿಕೊಳ್ಳು. ಕೆಳಗೆ ನೀರು, ಮೇಲೆ ಕಟ್ಟೆ. ಅರೆವಾಹಕದಲ್ಲಿ ಎಲೆಕ್ಟ್ರಾನುಗಳು ಬಾವಿಯ ತಳದಲ್ಲಿ ತುಂಬಿಕೊಂಡಿರುತ್ತವೆ. ಮೇಲಿನ ಕಟ್ಟೆ ಖಾಲಿ ಇರುತ್ತದೆ. ನಡುವಿನ ಎತ್ತರದಲ್ಲಿ ನಿಲ್ಲಲು ಎಲ್ಲೂ ಜಾಗ ಇಲ್ಲ, ಒಂದೇ ನೆಗೆತಕ್ಕೆ ಮೇಲೆ ಬರಬೇಕು. ಆ ನೆಗೆತಕ್ಕೆ ಬೇಕಾದ ಬಲ ಬೆಳಕು ಕೊಡುತ್ತದೆ.

ಎಲೆಕ್ಟ್ರಾನ್ ಮೇಲೆ ಬಂದರೆ ಕೆಳಗೆ ಅದರ ಜಾಗ ಖಾಲಿ ಬೀಳುತ್ತದೆ. ಅದನ್ನು ಹೋಲ್ ಅನ್ನುತ್ತೇವೆ. ಆ ಹೋಲ್ ಪಕ್ಕದ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಆಗ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಬಹಳ ಚುರುಕಾದ ಕಣ ಹುಟ್ಟುತ್ತದೆ. ಮೇಲೆ ಬಂದ ಎಲೆಕ್ಟ್ರಾನ್ ನೀರಿನಲ್ಲಿ ಕರಗಿದ ಆಕ್ಸಿಜನ್ ಜೊತೆ ಸೇರಿ ಸೂಪರಾಕ್ಸೈಡ್ ಆಗುತ್ತದೆ. ಇವೆರಡೂ ಸಿಕ್ಕ ಅಣುವನ್ನು ಕಚ್ಚಿ ತುಂಡು ಮಾಡುತ್ತವೆ. ಔಷಧಿಯೋ, ಬಣ್ಣವೋ, ಬ್ಯಾಕ್ಟೀರಿಯಾದ ಪೊರೆಯೋ, ಅವಕ್ಕೆ ಭೇದ ಇಲ್ಲ. ಪುಡಿ ಮಾತ್ರ ಖರ್ಚಾಗದೆ ಉಳಿಯಬೇಕು, ಹಾಗಾಗಿಯೇ ಅದು ವೇಗವರ್ಧಕ. ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆಯಬಹುದು ಅಂತ ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ತೋರಿಸಿದ ಮೇಲೆ ಈ ವಿದ್ಯೆಗೆ ಜೀವ ಬಂತು.

ಈಗ ಡೋಪಿಂಗ್. ಆ ಟೈಟಾನಿಯಂ ಡೈಆಕ್ಸೈಡ್‌ನಲ್ಲಿ, ಅದರ ಅನಟೇಸ್ ಎಂಬ ರೂಪದಲ್ಲಿ, ನೆಗೆಯಬೇಕಾದ ಎತ್ತರ 3.2 ಎಲೆಕ್ಟ್ರಾನ್ ವೋಲ್ಟ್. ಇದಕ್ಕೆ ಬೇಕಾದ ಬೆಳಕಿನ ಅಲೆಯ ಉದ್ದ ಸಿಗಲು 1240ನ್ನು ಈ ಸಂಖ್ಯೆಯಿಂದ ಭಾಗಿಸು, ಸುಮಾರು 388 ಬರುತ್ತದೆ. ಅಂದರೆ 388 ನ್ಯಾನೋಮೀಟರ್ ಅಥವಾ ಅದಕ್ಕಿಂತ ಗಿಡ್ಡ ಅಲೆಯ ಬೆಳಕೇ ಬೇಕು, ಅದು ನೇರಳಾತೀತ. ನಮಗೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ನೇರಳಾತೀತ ಶೇ. 5ರಷ್ಟೂ ಸರಿಯಾಗಿ ಇಲ್ಲ. ವಿಜಯಪುರದಲ್ಲಿ ಏಪ್ರಿಲ್ ಬಿಸಿಲು ತಲೆ ಸೀಳುತ್ತಿದ್ದರೂ ಆ ಪುಡಿಗೆ ಅದರಲ್ಲಿ ಬಹುಪಾಲು ದಂಡ!

ಹರಳಿನೊಳಗೆ ಅಲ್ಲೊಂದು ಇಲ್ಲೊಂದು ಬೇರೆ ಧಾತುವಿನ ಪರಮಾಣು ಕೂರಿಸಿದರೆ ಬಾವಡಿಯ ಗೋಡೆಗೆ ನಡುವೆ ಒಂದು ಮೆಟ್ಟಿಲು ಇಟ್ಟ ಹಾಗೆ. ಎಲೆಕ್ಟ್ರಾನ್ ಸಣ್ಣ ನೆಗೆತದಲ್ಲೇ ಮೇಲೆ ಬರಬಹುದು, ಕಣ್ಣಿಗೆ ಕಾಣುವ ಬೆಳಕೇ ಅದಕ್ಕೆ ಸಾಕು. 2001ರಲ್ಲಿ ಜಪಾನಿನ ಅಸಾಹಿ ಮತ್ತು ಸಂಗಡಿಗರು ನೈಟ್ರೋಜನ್ ಸೇರಿಸಿ ಇದನ್ನು ಮಾಡಿ ತೋರಿಸಿದರು. ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೆಳ್ಳಿ, ಲ್ಯಾಂಥನಂ ಹೀಗೆ ಹಲವನ್ನು ಜನ ಸೇರಿಸಿ ನೋಡಿದ್ದಾರೆ. ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪರಮಾಣು. ಜಾಸ್ತಿ ಹಾಕಿದರೆ ಕೆಲಸ ಕೆಡುತ್ತದೆ. ಮೇಲೆ ಹೋಗುವ ಎಲೆಕ್ಟ್ರಾನ್ ಆ ಮೆಟ್ಟಿಲ ಮೇಲೇ ಕೂತು ಮತ್ತೆ ಕೆಳಗಿನ ಹೋಲ್‌ಗೆ ಬೀಳುತ್ತದೆ, ಬೆಳಕೆಲ್ಲ ಸುಮ್ನೆ ಬಿಸಿಯಾಗಿ ಹೋಗುತ್ತದೆ.

ನ್ಯಾನೋ ಯಾಕೆ ಅಂತಲೂ ಹೇಳಿಬಿಡುತ್ತೇನೆ. ಕೆಲಸ ನಡೆಯುವುದು ಹರಳಿನ ಮೈಮೇಲೆ ಮಾತ್ರ. ಒಂದು ಸೆಂಟಿಮೀಟರ್ ಬದಿಯ ಘನದ ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಬದಿಯ ಚೂರುಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರ್! ಕಾಗದದ ಮೇಲೆ ನೀನೇ ಲೆಕ್ಕ ಮಾಡಿ ನೋಡು.

ಪ್ರಶ್ನೆ: ನಮ್ಮದು ಆರು ಎಕರೆ ದಾಳಿಂಬೆ. ಅಂಗಮಾರಿಗೆ (ಬ್ಯಾಕ್ಟೀರಿಯಾ ರೋಗ) ಸ್ಟ್ರೆಪ್ಟೋಸೈಕ್ಲಿನ್ ಹೊಡೆಯುತ್ತೇವೆ. ಪಂಪ್ ತೊಳೆದ ನೀರು ಕೃಷಿ ಹೊಂಡದ ಕಡೆ ಹರಿಯುತ್ತದೆ. ನೀವು ಹೇಳಿದ ಪುಡಿಯನ್ನು ಹೊಂಡಕ್ಕೆ ಹಾಕಿದರೆ ಸ್ವಚ್ಛ ಆಗುತ್ತದಾ? ಎಲ್ಲಿ ಸಿಗುತ್ತದೆ?
(ರೈತರು, ಬಾಗಲಕೋಟೆ ಜಿಲ್ಲೆ)

ಅಣ್ಣಾವ್ರೆ, ದಯವಿಟ್ಟು ಹಾಕಬೇಡಿ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಲೀಟರ್ ನೀರಿಗೆ ಒಂದು ಗ್ರಾಂವರೆಗೆ ಪುಡಿ ಹಾಕುತ್ತಾರೆ. ಒಂದು ಲಕ್ಷ ಲೀಟರಿನ ಹೊಂಡಕ್ಕೆ ಅದೇ ಲೆಕ್ಕದಲ್ಲಿ 100 ಕಿಲೋ ಪುಡಿ ಬೇಕು. ಹಾಕಿದರೂ ಹೊಂಡದ ನೀರು ಕದಡಿರುತ್ತದೆ, ಬೆಳಕು ಕೆಳಗೆ ಇಳಿಯುವುದಿಲ್ಲ, ಪುಡಿ ಕೆಸರಿನಲ್ಲಿ ಕೂರುತ್ತದೆ. ಹೈಡ್ರಾಕ್ಸಿಲ್ ರಾಡಿಕಲ್ ಹುಟ್ಟಿದ ಜಾಗದಿಂದ ದೂರ ಹೋಗುವುದೂ ಇಲ್ಲ, ಅದರ ಆಯುಷ್ಯ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ. ಔಷಧಿಯ ಅಣು ಹರಳಿನ ಮೈಗೆ ಬಂದು ತಾಗಿದರೆ ಮಾತ್ರ ಒಡೆಯುತ್ತದೆ. ಹೊಂಡದಲ್ಲಿ ಅದು ಆಗದ ಮಾತು. ಕೊನೆಗೆ ಆ ಪುಡಿ ಡ್ರಿಪ್ ಪೈಪಿಗೂ ಬರುತ್ತದೆ, ಮಣ್ಣಿಗೂ ಬರುತ್ತದೆ.

ನೀವು ಹೊಡೆಯುವ ಸ್ಟ್ರೆಪ್ಟೋಸೈಕ್ಲಿನ್ ಏನು ಅಂತ ಹೇಳಲೇಬೇಕು. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಸಿಕ್ಕಿದ್ದು, ಕ್ಷಯರೋಗಕ್ಕೆ ಮೊದಲು ಕೆಲಸ ಮಾಡಿದ ಔಷಧಿ ಅದೇ. ಮನುಷ್ಯನ ಜೀವ ಉಳಿಸಿದ ಔಷಧಿಯನ್ನು ತೋಟಕ್ಕೆ ಹೊಡೆಯುತ್ತಿದ್ದೇವೆ. ಇದರಲ್ಲಿ ನಿಮ್ಮನ್ನು ದೂರುವುದಿಲ್ಲ, ಅಂಗಮಾರಿ ಬಂದು ಕಾಯಿ ಸೀಳಿದ ತೋಟ ನೋಡಿದ್ದೇನೆ, ಒಂದು ಬಹಾರ್ (ದಾಳಿಂಬೆಯ ಹಂಗಾಮು) ಪೂರ್ತಿ ಕೈಬಿಟ್ಟು ಸಾಲದ ಲೆಕ್ಕ ಹಾಕುತ್ತ ಕೂತವರ ಜೊತೆ ಕೂತಿದ್ದೇನೆ.

ಈಗ ಮಾಡಬಹುದಾದದ್ದು ಇಷ್ಟು. ಬೇಕಾದಷ್ಟೇ ಕಲಸಿ, ಉಳಿಯದ ಹಾಗೆ. ಪಂಪ್ ತೊಳೆದ ನೀರನ್ನು ಅದೇ ಗಿಡಗಳಿಗೆ ಹೊಡೆದು ಮುಗಿಸಿ. ಬಾವಿ, ಹೊಂಡ, ಹಳ್ಳದ ದಂಡೆಯಲ್ಲಿ ತೊಳೆಯಬೇಡಿ. ರೋಗ ಬಂದ ಟೊಂಗೆ ಕತ್ತರಿಸಿ ಸುಟ್ಟುಬಿಡಿ, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಶುದ್ಧ ಮಾಡಿಕೊಳ್ಳಿ. ತೋಟಗಾರಿಕೆ ವಿಶ್ವವಿದ್ಯಾಲಯ ನಿಮ್ಮ ಬಾಗಲಕೋಟೆಯಲ್ಲೇ ಇದೆ. ಈ ಔಷಧಿ ಬಿಟ್ಟು ಬೇರೆ ಏನು ಮಾಡಬಹುದು, ಈಗ ಯಾವುದಕ್ಕೆ ಅನುಮತಿ ಇದೆ ಅಂತ ಒಮ್ಮೆ ಹೋಗಿ ಕೇಳಿ ಬನ್ನಿ.

ಪ್ರಶ್ನೆ: ನನ್ನ ಪ್ರಾಜೆಕ್ಟ್ ತಾಮ್ರ ಸೇರಿಸಿದ ಝಿಂಕ್ ಆಕ್ಸೈಡ್, ಅದೂ ಅರೆವಾಹಕ ಪುಡಿಯೇ. ಡಿಸ್ಟಿಲ್ಡ್ ವಾಟರ್‌ನಲ್ಲಿ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ಸಿಪ್ರೋಫ್ಲಾಕ್ಸಾಸಿನ್ ಹಾಕಿ ಬಿಸಿಲಿಗಿಟ್ಟರೆ 90 ನಿಮಿಷದಲ್ಲಿ ಶೇ. 92 ಹೋಗುತ್ತದೆ. ಬೋರ್ ನೀರಿನಲ್ಲಿ ಅರ್ಧವೂ ಹೋಗುವುದಿಲ್ಲ. ನಾನು ಎಲ್ಲಿ ತಪ್ಪಿದೆ? ಬೋರ್ ನೀರಿನ ಫಲಿತಾಂಶ ಬಿಟ್ಟುಬಿಡಲಾ?
(ಎಂಎಸ್ಸಿ ವಿದ್ಯಾರ್ಥಿನಿ, ಬೆಳಗಾವಿ)

ತಂಗಿ, ಬಿಡಬೇಡ. ನಿನ್ನ ಪ್ರಾಜೆಕ್ಟ್‌ನಲ್ಲಿ ಬೆಲೆಬಾಳುವ ಫಲಿತಾಂಶ ಆ ಬೋರ್ ನೀರಿನದೇ. ನಮ್ಮ ಕಡೆಯ ಬೋರ್ ನೀರಿನಲ್ಲಿ ಬೈಕಾರ್ಬೊನೇಟ್, ಕ್ಲೋರೈಡ್ ಜಾಸ್ತಿ. ಔಷಧಿಯನ್ನು ಕಚ್ಚಬೇಕಾದ ಹೈಡ್ರಾಕ್ಸಿಲ್ ರಾಡಿಕಲ್ ಮೊದಲು ಬೈಕಾರ್ಬೊನೇಟ್‌ಗೆ ಸಿಕ್ಕಿಬೀಳುತ್ತದೆ, ಅಲ್ಲಿ ಹುಟ್ಟುವ ಕಾರ್ಬೊನೇಟ್ ರಾಡಿಕಲ್‌ಗೆ ಅಷ್ಟು ಕಸುವಿಲ್ಲ. ವಿಜಯಪುರದ ಡೋಣಿ ಹೊಳೆಯಂಥ ಉಪ್ಪು ನೀರಾದರೆ ಇನ್ನೂ ಕಷ್ಟ. ಗಟಾರದ ನೀರಿನಲ್ಲಿ ಸೋಪು, ಹೊಲಸು ಎಲ್ಲಾ ಸೇರಿ ರಾಡಿಕಲ್‌ಗೆ ಪೈಪೋಟಿ ಮಾಡುತ್ತವೆ. ಯಾವ ಊರಿನಲ್ಲೂ ಗಟಾರದಲ್ಲಿ ಡಿಸ್ಟಿಲ್ಡ್ ವಾಟರ್ ಹರಿಯುವುದಿಲ್ಲ. ಹಾಗಾಗಿ ಎರಡೂ ಗ್ರಾಫ್ ಪಕ್ಕಪಕ್ಕ ಇಡು.

ಈಗ ಆ ಶೇ. 92ರ ಕಡೆ ಬರೋಣ. ನಾನು ವಿಜಯಪುರದಲ್ಲಿದ್ದಾಗ ನಾವು ಮೂವರು ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಬೀಕರ್ ಇಟ್ಟು ಮೆಥಿಲೀನ್ ಬ್ಲೂ ಮೇಲೆ ಪ್ರಯೋಗ ಮಾಡಿದೆವು. ಒಂದು ತಾಸಿಗೆ ನೀಲಿ ಹೋಯಿತು. ಕುಣಿದಾಡಿದೆವು. ಸಂಜೆ ಪುಡಿ ಸೋಸಿ ಒಣಗಿಸಿ ನೋಡಿದರೆ ಪುಡಿಯೇ ನೀಲಿ! ಬಣ್ಣ ಒಡೆದಿರಲಿಲ್ಲ, ಪುಡಿಗೆ ಅಂಟಿಕೊಂಡಿತ್ತು. ಅಂದಿನಿಂದ ಕತ್ತಲಲ್ಲಿ ಇಡದೆ ಒಂದು ಪ್ರಯೋಗವನ್ನೂ ಶುರು ಮಾಡಿಲ್ಲ. ನೀನೂ ಔಷಧಿ ಮತ್ತು ಪುಡಿ ಸೇರಿಸಿ ಕನಿಷ್ಠ ಅರ್ಧ ತಾಸು ಕತ್ತಲಲ್ಲಿ ಕಲಕಿಸು, ಅಂಟುವುದೆಲ್ಲ ಅಂಟಲಿ, ಆಮೇಲಿನ ಸ್ಯಾಂಪಲ್ಲನ್ನು ಸೊನ್ನೆ ನಿಮಿಷ ಅಂತ ತಗೊ. ಪುಡಿ ಇಲ್ಲದೆ ಬರೀ ಔಷಧಿಯ ಬೀಕರ್ ಒಂದನ್ನು ಪಕ್ಕದಲ್ಲೇ ಬಿಸಿಲಿಗಿಡು, ಯಾಕೆಂದರೆ ಸಿಪ್ರೋಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್ ಎರಡೂ ಬಿಸಿಲಿಗೆ ತಾವಾಗಿಯೇ ಸ್ವಲ್ಪ ಒಡೆಯುತ್ತವೆ, ಆ ಪಾಲನ್ನು ಪುಡಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಬಿಸಿಲಲ್ಲಿ ತೆರೆದಿಟ್ಟ ಬೀಕರ್‌ನಿಂದ ನೀರು ಆರುತ್ತದೆ, ಮಟ್ಟಕ್ಕೆ ಗೆರೆ ಹಾಕಿ ಆರಿದಷ್ಟು ತುಂಬಿಸಿ ಅಳೆ. ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು, ಆದರೆ ಫಲಿತಾಂಶ ನಿಲ್ಲುವುದು ಬೀಳುವುದು ಇವುಗಳ ಮೇಲೇ.

ಇನ್ನೊಂದು ದೊಡ್ಡ ವಿಷಯ. ನೀನು ಯುವಿ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ (ನೀರಿನಲ್ಲಿರುವ ಅಣು ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರ) 275 ನ್ಯಾನೋಮೀಟರ್ ಹತ್ತಿರದ ಪೀಕ್ ಇಳಿದದ್ದನ್ನು ನೋಡಿ ಶೇ. 92 ಅಂದಿದ್ದೀಯ ಅಂತ ಕಾಣುತ್ತದೆ. ಪೀಕ್ ಇಳಿಯಿತು ಅಂದರೆ ಮೂಲ ಅಣು ಬದಲಾಯಿತು ಅಂತ ಅಷ್ಟೇ. ಏನಾಗಿ ಬದಲಾಯಿತು? ಸಿಪ್ರೋಫ್ಲಾಕ್ಸಾಸಿನ್‌ನಲ್ಲಿ ಸಾಮಾನ್ಯವಾಗಿ ಮೊದಲು ಒಡೆಯುವುದು ಪಕ್ಕದ ಪಿಪರಾಝೀನ್ ಉಂಗುರ. ಬ್ಯಾಕ್ಟೀರಿಯಾವನ್ನು ಹಿಡಿಯುವ ಕ್ವಿನೊಲೋನ್ ನಡುಭಾಗ ಇನ್ನೂ ಉಳಿದಿರಬಹುದು. ಉಳಿದರೆ ಆ ನೀರಿಗೆ ಔಷಧಿಯ ಗುಣವೂ ಸ್ವಲ್ಪ ಉಳಿಯುತ್ತದೆ. ಅದಕ್ಕೇ ಎರಡು ಪರೀಕ್ಷೆ ಮಾಡು ಅನ್ನುತ್ತೇನೆ. ಒಂದು, ಒಟ್ಟು ಸಾವಯವ ಇಂಗಾಲ, ಅಂದರೆ ಟಿಒಸಿ. ಪೀಕ್ ಬೇಗ ಇಳಿಯುತ್ತದೆ, ಟಿಒಸಿ ನಿಧಾನವಾಗಿ ಇಳಿಯುತ್ತದೆ, ಆ ಅಂತರವನ್ನು ಮುಚ್ಚಿಡಬೇಡ. ಇನ್ನೊಂದಕ್ಕೆ ದುಬಾರಿ ಯಂತ್ರ ಬೇಡ. ಮೈಕ್ರೋಬಯಾಲಜಿ ವಿಭಾಗದವರನ್ನು ಕೇಳಿಕೊಂಡು ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಸಿದ ಅಗರ್ ಪ್ಲೇಟ್‌ನಲ್ಲಿ ಗುಂಡಿ ಮಾಡಿ ನಿನ್ನ ಶುದ್ಧ ಮಾಡಿದ ನೀರು ಹಾಕಿಸು. ಮರುದಿನ ಗುಂಡಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬಳೆಯಂಥ ಜಾಗ ಕಂಡರೆ ಔಷಧಿ ಇನ್ನೂ ಇದೆ. ನನಗೆ ಈ ಪ್ಲೇಟ್ ಮೇಲೆ ಇರುವ ನಂಬಿಕೆ ಯಾವ ಶೇಕಡಾವಾರು ಮೇಲೂ ಇಲ್ಲ.

ಝಿಂಕ್ ಆಕ್ಸೈಡ್ ಆಮ್ಲದಲ್ಲೂ ಗಟ್ಟಿ ಕ್ಷಾರದಲ್ಲೂ ಕರಗುತ್ತದೆ. ಸೋಸಿದ ನೀರಿನಲ್ಲಿ ಸತು, ತಾಮ್ರ ಎಷ್ಟು ಬಿಟ್ಟಿದೆ ಅಂತ ಅಳೆಸು. ಎರಡೂ ಮೀನಿಗೆ ವಿಷ. ಒಂದೇ ಪುಡಿಯನ್ನು ತೊಳೆದು ಐದು ಸಲ ಬಳಸಿ ನೋಡು. 20 ಪಿಪಿಎಂ ಜೊತೆಗೆ ಅದರ ನೂರನೇ ಒಂದು ಪಾಲಿನಲ್ಲೂ ಮಾಡು, ಹೊಳೆಯಲ್ಲಿ ಔಷಧಿ ಸಾಮಾನ್ಯವಾಗಿ ಅದಕ್ಕಿಂತಲೂ ಕಡಿಮೆ ಇರುತ್ತದೆ.

ಪುಡಿ ಮಾಡುವ ವಿಧಾನ ನೀನು ಬರೆದಿಲ್ಲ. ಮಫಲ್ ಫರ್ನೇಸ್ ಇದ್ದರೆ ದಹನ ವಿಧಾನ ಮಾಡಿ ನೋಡು. ಲೋಹದ ನೈಟ್ರೇಟ್ ಮತ್ತು ಯೂರಿಯಾ ನೀರಿನಲ್ಲಿ ಕರಗಿಸಿ 500 ಡಿಗ್ರಿ ಕಾದ ಫರ್ನೇಸ್‌ನಲ್ಲಿಟ್ಟರೆ ನೊರೆಯುಕ್ಕಿ, ಭಗ್ಗನೆ ಹೊತ್ತಿ, ಐದು ನಿಮಿಷದೊಳಗೆ ಹತ್ತಿಯಂಥ ಹಗುರ ಪುಡಿ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲ ಮತ್ತು ಕಿಂಗ್ಸ್‌ಲಿ 1988ರಲ್ಲಿ ಇದನ್ನು ಪ್ರಕಟಿಸಿದರು, ಇವತ್ತು ಜಗತ್ತಿನಾದ್ಯಂತ ಬಳಸುತ್ತಾರೆ. ಪಾತ್ರೆ ದೊಡ್ಡದಿರಲಿ, ಫರ್ನೇಸ್ ಫ್ಯೂಮ್ ಹುಡ್ ಒಳಗಿರಲಿ, ಬರುವ ಹೊಗೆ ಒಳ್ಳೆಯದಲ್ಲ.

ಪ್ರಶ್ನೆ: ಮನೆಯ ಮೇಲಿನ ಟ್ಯಾಂಕಿಗೆ ಈ ನ್ಯಾನೋ ಪುಡಿ ಹಾಕಬಹುದೇ? ಆನ್‌ಲೈನ್‌ನಲ್ಲಿ ಸಿಗುತ್ತಿದೆ.
(ಓದುಗರು, ಜಮಖಂಡಿ)

ಬೇಡ. ಮುಚ್ಚಿದ ಕಪ್ಪು ಟ್ಯಾಂಕಿನೊಳಗೆ ಬೆಳಕೇ ಇಲ್ಲ, ಪುಡಿ ಕೆಲಸ ಮಾಡುವುದಿಲ್ಲ, ಹೊಟ್ಟೆಗೆ ಮಾತ್ರ ಬರುತ್ತದೆ. ಟೈಟಾನಿಯಂ ಡೈಆಕ್ಸೈಡನ್ನು ಆಹಾರದಲ್ಲಿ ಬಣ್ಣಕ್ಕೆ ಬಳಸುವುದನ್ನು ಯುರೋಪಿನ ಒಕ್ಕೂಟ 2022ರಲ್ಲಿ ನಿಲ್ಲಿಸಿದೆ. ಒಣ ಪುಡಿ ಉಸಿರಿಗೆ ಹೋಗುವುದು ಇನ್ನೂ ಕೆಟ್ಟದ್ದು, ಮನೆಯಲ್ಲಿ ಪ್ಯಾಕೆಟ್ ಒಡೆಯಲೇಬೇಡಿ.

ಪ್ರಶ್ನೆ: ನಾನು ಆಸ್ಪತ್ರೆಯೊಂದರ ನೀರು ಶುದ್ಧೀಕರಣ ಘಟಕದಲ್ಲಿ ಆಪರೇಟರ್. ನಮ್ಮ ಘಟಕದಲ್ಲಿ ಇದು ಆಗುತ್ತದಾ? ಆಂಟಿಬಯೋಟಿಕ್ ಎಷ್ಟಿದೆ ಅಂತ ಇದುವರೆಗೆ ಯಾರೂ ಕೇಳಿಲ್ಲ.
(ವಿಜಯಪುರ)

ನಿಮ್ಮ ಪತ್ರ ಬಂದ ದಿನ ನಿಜಕ್ಕೂ ಖುಷಿಯಾಯಿತು. ಈ ಪುಡಿಗೆ ಸರಿಯಾದ ಜಾಗ ಹೊಳೆಯಲ್ಲ, ಹೊಂಡವಲ್ಲ, ನಿಮ್ಮ ಘಟಕದ ಕೊನೆಯ ತೊಟ್ಟಿ. ಅಲ್ಲಿ ಔಷಧಿ ಒಂದೇ ಕಡೆ ಸೇರಿರುತ್ತದೆ, ನೀರು ಅಳತೆಯಲ್ಲಿರುತ್ತದೆ, ನೋಡಿಕೊಳ್ಳಲು ನಿಮ್ಮಂಥ ಒಬ್ಬರು ಇರುತ್ತಾರೆ.

ಯಾರೂ ಕೇಳಿಲ್ಲ ಅಂದದ್ದು ನಿಜ. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಔಷಧಿ ಕಾರ್ಖಾನೆಗಳ ನೀರಿಗೆ ಆಂಟಿಬಯೋಟಿಕ್ ಮಿತಿಗಳ ಕರಡು ಹೊರಡಿಸಿತ್ತು. 2021ರಲ್ಲಿ ಬಂದ ಅಂತಿಮ ನಿಯಮದಲ್ಲಿ ಆ ಮಿತಿಗಳು ಇರಲಿಲ್ಲ. ನನಗೆ ಇದು ದೊಡ್ಡ ಲೋಪ ಅನ್ನಿಸುತ್ತದೆ. ಕೇಳುವ ನಿಯಮ ಇಲ್ಲದಿದ್ದರೆ ಅಳೆಯುವವರು ಎಲ್ಲಿಂದ ಬರಬೇಕು?

ಪುಡಿಯನ್ನು ನೀರಿಗೆ ಸುರಿಯುವ ವಿಧಾನ ನಿಮಗೆ ಬೇಡ, ಮತ್ತೆ ಸೋಸುವುದೇ ದೊಡ್ಡ ತಲೆನೋವು. ಗಾಜಿನ ತಟ್ಟೆ, ಗಾಜಿನ ಮಣಿ ಅಥವಾ ಸೆರಾಮಿಕ್ ತುಂಡುಗಳ ಮೇಲೆ ಪುಡಿಯನ್ನು ಅಂಟಿಸಿ ಸುಟ್ಟು ಗಟ್ಟಿ ಮಾಡುತ್ತಾರೆ, ಅದರ ಮೇಲೆ ನೀರು ತೆಳ್ಳಗೆ ಹರಿಸುತ್ತಾರೆ. ಸ್ಪೇನಿನ ಅಲ್ಮೇರಿಯಾದಲ್ಲಿ ಬಿಸಿಲಿನಿಂದ ನೀರು ಶುದ್ಧ ಮಾಡುವ ಪ್ರಯೋಗಗಳು ದಶಕಗಳಿಂದ ನಡೆದಿವೆ. ಅಲ್ಲಿ ಗಾಜಿನ ಕೊಳವೆಗಳ ಹಿಂದೆ ಬಾಗಿದ ಅಲ್ಯೂಮಿನಿಯಂ ಕನ್ನಡಿ ಇಟ್ಟು ಸುತ್ತಲಿಂದಲೂ ಬೆಳಕು ಬೀಳುವ ಹಾಗೆ ಮಾಡಿದ್ದಾರೆ. ವಿಜಯಪುರದಲ್ಲಿ ಚದರ ಮೀಟರಿಗೆ ದಿನಕ್ಕೆ ಸರಾಸರಿ 5 ಯೂನಿಟ್ಟಿಗಿಂತ ಜಾಸ್ತಿ ಬಿಸಿಲು ಬೀಳುತ್ತದೆ, ಆ ಚಿಂತೆ ನಿಮಗಿಲ್ಲ. ರಾತ್ರಿಯ ನೀರನ್ನು ಹಿಡಿದಿಡಲು ಒಂದು ತೊಟ್ಟಿ ಬೇಕು, ಮಳೆಗಾಲಕ್ಕೆ ಎಲ್‌ಇಡಿ ದೀಪ ಬೇಕಾಗಬಹುದು.

ಶುರು ಸಣ್ಣದಾಗಿರಲಿ. ಜೈವಿಕ ತೊಟ್ಟಿ ದಾಟಿ, ಮರಳಿನಲ್ಲಿ ಸೋಸಿದ, ಕ್ಲೋರಿನ್ ಹಾಕುವ ಮೊದಲಿನ ನೀರು ಐದು ಲೀಟರ್ ಸಾಕು. ಬೆಳಿಗ್ಗೆ ವಾರ್ಡುಗಳ ನೀರು ಜಾಸ್ತಿ ಬರುವ ಹೊತ್ತಿನದು ಒಂದು, ಮಧ್ಯಾಹ್ನದ್ದು ಒಂದು. ಕಂದು ಗಾಜಿನ ಬಾಟಲಿಯಲ್ಲಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಅದೇ ದಿನ ತಲುಪಿಸಬೇಕು. ಆಸ್ಪತ್ರೆಯವರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಆ ತಿಂಗಳು ಫಾರ್ಮಸಿಯಿಂದ ಯಾವ ಆಂಟಿಬಯೋಟಿಕ್ ಎಷ್ಟು ಹೋಯಿತು ಅನ್ನುವ ಪಟ್ಟಿಯೂ ಸಿಕ್ಕರೆ ಬಹಳ ಅನುಕೂಲ. ಮೇಲೆ ನಾನು ಉತ್ತರ ಕೊಟ್ಟ ಬೆಳಗಾವಿಯ ವಿದ್ಯಾರ್ಥಿನಿಗೆ ಬೋರ್ ನೀರಿಗಿಂತ ನಿಜವಾದ ನೀರು ಬೇಕು, ನಿಮಗೆ ಪರೀಕ್ಷೆ ಮಾಡುವವರು ಬೇಕು. ಇಬ್ಬರೂ ಒಪ್ಪಿದರೆ ಪತ್ರಿಕೆಯ ಕಚೇರಿಯ ಮೂಲಕ ಭೇಟಿ ಮಾಡಿಸುತ್ತೇನೆ.